ಹತ್ತಿ ಇಲ್ಲದ ಹತ್ತಿ ಗಿರಣಿ

ನನ್ನ ಮಾದರಿ ರೈಲು ಎಚ್‌ಒ ಅಳತೆಯದು, ಅಂದರೆ 1:87. ನಮ್ಮ 1676 ಮಿ.ಮೀ. ಬ್ರಾಡ್‌ಗೇಜ್ ಈ ಅಳತೆಯಲ್ಲಿ 19 ಮಿ.ಮೀ. ದಾಟುತ್ತದೆ. ಅಂಗಡಿಯಲ್ಲಿ ಸಿಗುವ ಹಳಿಯ ಅಗಲ 16.5 ಮಿ.ಮೀ. ಅಷ್ಟಕ್ಕೆ ರಾಜಿಯಾದೆ. ಆದರೆ ಹಳಿ ಪಕ್ಕದ ಕಟ್ಟಡದ ವಿಷಯದಲ್ಲಿ ಮನಸ್ಸು ಒಪ್ಪಲಿಲ್ಲ. ಸಿಗುವ ಕಿಟ್‌ಗಳೆಲ್ಲ ಅಮೆರಿಕದ್ದೋ ಜರ್ಮನಿಯದ್ದೋ ಕಾರ್ಖಾನೆಗಳು. ರಾಯಚೂರಿನವನಿಗೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಗಿರಣಿ ಬೇಕು, ಅಲ್ವಾ?

ಸನ್‌ಬೋರ್ಡ್‌ನಲ್ಲಿ (ಹಗುರ ಫೋಮ್ ಹಲಗೆ) 30 ಸೆಂ.ಮೀ. ಉದ್ದ, 14 ಸೆಂ.ಮೀ. ಅಗಲದ ಶೆಡ್ ಎಬ್ಬಿಸಿದೆ. ನಿಜದಲ್ಲಿ ಅದು 26 ಮೀಟರ್‌ಗೆ 12 ಮೀಟರ್ ಆಗುತ್ತದೆ, ಸಣ್ಣ ಗಿರಣಿಗೆ ಸಾಕು. ಒಳಗೆ ಕೈ ಹಾಕುವ ಮೊದಲು ಕಿಟಕಿಯ ಎತ್ತರಕ್ಕೆ ಮೊಬೈಲ್ ಹಿಡಿದು ಎಲ್ಲ ಕಡೆಯಿಂದ ಫೋಟೊ ತೆಗೆದೆ. ದೊಡ್ಡ ಬಾಗಿಲಿಂದ ಮೊದಲ ಎರಡು ಯಂತ್ರ ಪೂರ್ತಿ ಕಾಣುತ್ತವೆ. ಅದರಾಚೆ ಬರೀ ಆಕಾರ. ಹಿಂದಿನ ಮೂಲೆ ಯಾರಿಗೂ ಕಾಣುವುದೇ ಇಲ್ಲ. ಹಾಗಾಗಿ ಎರಡು ಜಿನ್ ಯಂತ್ರ ಮಾತ್ರ ಮನಸ್ಸಿಟ್ಟು ಮಾಡಿದೆ. ಉಳಿದವು ಬಣ್ಣ ಹಚ್ಚಿದ ರಟ್ಟಿನ ಡಬ್ಬಿಗಳು. ಕಾಣದ ಕಡೆ ಕಷ್ಟಪಡುವುದು ಸುಮ್ನೆ ಹಟ.

ಡಬಲ್ ರೋಲರ್ ಜಿನ್‌ನಲ್ಲಿ ಕ್ರೋಮ್ ಚರ್ಮದ ಎರಡು ರೋಲರ್ ತಿರುಗುತ್ತವೆ. ಅವು ಎಳೆಯನ್ನು ಹಿಡಿದು ಎಳೆಯುತ್ತವೆ, ಚಾಕು ಬೀಜವನ್ನು ಬಿಡಿಸುತ್ತದೆ. ಅರಳೆ ಮುಂದೆ ಬರುತ್ತದೆ, ಹತ್ತಿಕಾಳು ಕೆಳಗೆ ಉದುರುತ್ತದೆ. ರೋಲರ್ ದಪ್ಪ ಸುಮಾರು 18 ಸೆಂ.ಮೀ., ನಮ್ಮ ಅಳತೆಗೆ 2 ಮಿ.ಮೀ. ಹಲ್ಲುಕಡ್ಡಿ ಸರಿಯಾಗಿ ಅಷ್ಟೇ ಇರುತ್ತದೆ! ಅದಕ್ಕೆ ತೆಳು ಹೊಲಿಗೆ ದಾರವನ್ನು ಓರೆಯಾಗಿ ಸುತ್ತಿ, ಬೂದಿ ಮಿಶ್ರಿತ ನೀಲಿ ಹಚ್ಚಿದೆ. ದಾರದ ಸಂದುಗಳು ರೋಲರ್ ಮೇಲಿನ ಸುರುಳಿ ತೋಡಿನ ಹಾಗೆ ಕಾಣುತ್ತವೆ. ಯಂತ್ರದ ಮೈಗೆ ಹಳೆಯ ಲಗ್ನಪತ್ರಿಕೆ. ಅಷ್ಟು ಗಟ್ಟಿ, ನುಣುಪು ಕಾರ್ಡ್ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗಲ್ಲ. ಈಗ ಒಂದೊಂದು ಜಿನ್‌ಗೂ ಬೇರೆ ಮೋಟರ್ ಇರುತ್ತದೆ. ನಾನು ಬೇಕಂತಲೇ ಹಳೇ ಕಾಲಕ್ಕೆ ಹೋದೆ: ಉದ್ದಕ್ಕೆ ಒಂದೇ ಶಾಫ್ಟ್, ಅದರಿಂದ ಪ್ರತಿ ಜಿನ್‌ಗೂ ಪಟ್ಟಾ, ಅಂದರೆ ಬೆಲ್ಟ್. ಶಾಫ್ಟ್‌ಗೆ ಸೈಕಲ್ ಕಡ್ಡಿ, ಪಟ್ಟಾಕ್ಕೆ ಕಂದು ಕಾಗದದ ಪಟ್ಟಿ. ಹೊರಗಿಂದ ನೋಡುವವರ ಕಣ್ಣು ಮೊದಲು ಹೋಗುವುದು ಈ ಓರೆ ಪಟ್ಟಾಗಳ ಕಡೆಗೇ.

ತಮಾಷೆ ಅಂದರೆ, ಈ ಗಿರಣಿಗೆ ಹತ್ತಿ ಮಾತ್ರ ಹಾಕೋ ಹಾಗಿಲ್ಲ. ಒಂದು ಎಳೆ 30 ಮಿ.ಮೀ. ಇದ್ದರೆ ಈ ಅಳತೆಯಲ್ಲಿ ಅದು ಎರಡೂವರೆ ಮೀಟರ್ ದಾಟುತ್ತದೆ, ಪಕ್ಕದಲ್ಲಿ ನಿಂತ ಆಳಿಗಿಂತ ಉದ್ದ. ಅದಕ್ಕೆ ಟಿಶ್ಯೂ ಕಾಗದವನ್ನು ತೆಳು ಫೆವಿಕಾಲ್‌ನಲ್ಲಿ ನೆನೆಸಿ ರಾಶಿಯ ಆಕಾರ ಕೊಟ್ಟೆ. ಮೇಲೆ ಉಪ್ಪುಕಾಗದದಿಂದ ಉಜ್ಜಿದ ಥರ್ಮಾಕೋಲ್ ಪುಡಿಯನ್ನು ಚಹಾ ಜರಡಿಯಿಂದ ಉದುರಿಸಿದೆ. ಫ್ಯಾನ್ ಆಫ್ ಮಾಡಿಕೊಂಡೇ ಕೂರಬೇಕು, ಆ ಪುಡಿ ಕೈಗೂ ಅಂಟುತ್ತದೆ, ಮೀಸೆಗೂ ಅಂಟುತ್ತದೆ. ಸ್ವಲ್ಪ ಪುಡಿ ತೊಲೆಗಳ ಮೇಲೂ ಬೀಳಲಿ. ಜಿನ್ ನಡೆಯುವ ಶೆಡ್‌ನಲ್ಲಿ ಅರಳೆ ದೂಳು ಕೂರದ ಜಾಗವೇ ಇರಲ್ಲ.

ಬೇಲ್‌ಗಳು, ಅಂದರೆ ಅರಳೆ ಒತ್ತಿ ಕಟ್ಟಿದ ಮೂಟೆಗಳು, ಸುಲಭ. ನಮ್ಮಲ್ಲಿ ಒಂದು ಬೇಲ್ 170 ಕೆ.ಜಿ., ಉದ್ದ ಹತ್ತಿರಹತ್ತಿರ ಒಂದು ಮೀಟರ್. 12 ಮಿ.ಮೀ. ಉದ್ದದ ಸನ್‌ಬೋರ್ಡ್ ತುಂಡಿಗೆ ಬಟ್ಟೆ ಬಣ್ಣ ಕೊಟ್ಟು, ಪಟ್ಟಿಗಳನ್ನು ಪೆನ್ಸಿಲ್‌ನಿಂದ ಎಳೆದರೆ ಮುಗಿಯಿತು. ಆಳುಗಳಿಗೆ ಜಾಸ್ತಿ ಹೊತ್ತು ಹಿಡಿಯಿತು. ಕೊಂಡ ಬೊಂಬೆಗಳೆಲ್ಲ ಪ್ಯಾಂಟು ಕೋಟಿನವು. ಜಿನ್‌ಗೆ ಹತ್ತಿ ಹಾಕುವ ಹೆಂಗಸರಿಗೆ ಟಿಶ್ಯೂ ಸೀರೆ ಉಡಿಸಿ, ದೂಳಿಗೆ ಮುಖ ಮುಚ್ಚುವ ಹಾಗೆ ಸೆರಗು ಸುತ್ತಿದೆ. ಆಳೆತ್ತರ 19 ಮಿ.ಮೀ. ಆದ್ದರಿಂದ ಕಣ್ಣು ಮೂಗು ಬಿಡಿಸುವ ಕಷ್ಟವೂ ತಪ್ಪಿತು.

ದೀಪ ಹಳದಿ ಎಲ್‌ಇಡಿಯೇ ಆಗಬೇಕು. ಬಿಳಿ ಹಾಕಿದರೆ ಗಿರಣಿ ಆಸ್ಪತ್ರೆ ವಾರ್ಡಿನ ಥರ ಕಾಣುತ್ತದೆ. 12 ವೋಲ್ಟ್‌ಗೆ ಒಂದೊಂದು ಎಲ್‌ಇಡಿಗೂ 1 ಕಿಲೋ ಓಮ್ ರೆಸಿಸ್ಟರ್ ಕೊಟ್ಟೆ. ದೀಪಗಳನ್ನು ಯಂತ್ರಗಳ ಹಿಂದೆ ಇಟ್ಟೆ. ಆಗ ಪಟ್ಟಾ, ಶಾಫ್ಟ್ ಕಪ್ಪಗೆ ಎದ್ದು ಕಾಣುತ್ತವೆ, ರಟ್ಟಿನ ಡಬ್ಬಿಗಳೂ ಯಂತ್ರಗಳಾಗಿಬಿಡುತ್ತವೆ.

ನೆಲವನ್ನು ಗೋಡೆಗೆ ಅಂಟಿಸಬೇಡಿ. ನನ್ನದು ಡ್ರಾಯರ್ ಥರ ಹೊರಗೆ ಜಾರುತ್ತದೆ, ವೈರ್ ಬಿಚ್ಚಿಕೊಂಡರೆ ಚಾವಣಿ ಕೀಳಬೇಕಾಗಿಲ್ಲ. ಕಿಟಕಿಗೆ ಓಎಚ್‌ಪಿ ಶೀಟ್ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಸಾಕು. ಅದರ ಹತ್ತಿರ ಫೆವಿಕ್ವಿಕ್ ಬಳಸಿದರೆ ಹೊಗೆ ಕೂತು ಗಾಜು ಬೆಳ್ಳಗಾಗುತ್ತದೆ. ಬೇರೆ ಕಟ್ಟಡಕ್ಕಾದರೆ ಅದು ಕೇಡು. ಹತ್ತಿ ಗಿರಣಿಗೆ, ಅರಳೆ ದೂಳು ಕೂತ ಹಾಗೆ ಕಾಣಲಿ ಅಂತ, ನಾನು ಬೇಕಂತಲೇ ಎರಡು ತೊಟ್ಟು ಹಾಕಿದೆ.