ಸಂಜ್ಞಾ ಭಾಷೆಯ ದುಭಾಷಿ ಪರೀಕ್ಷೆಗೆ ಅಣಿಯಾಗುವುದು ಹೇಗೆ?

2024ರ ಏಪ್ರಿಲ್‌ನಲ್ಲಿ ಕಿವುಡ ವಕೀಲೆ ಸಾರಾ ಸನ್ನಿ ಅವರು ಕರ್ನಾಟಕ ಹೈಕೋರ್ಟ್‌ನಲ್ಲಿ ವಾದ ಮಂಡಿಸಿದಾಗ, ಅವರ ಕೈಗಳಾಡಿದ ಮಾತು ದುಭಾಷಿಯ ದನಿಯಾಗಿ ನ್ಯಾಯಪೀಠವನ್ನು ತಲುಪಿತು. ಕೈಯ ಮಾತನ್ನು ಹೀಗೆ ಬಾಯಿಗೆ ತರುವ ಕೆಲಸದಲ್ಲೇ ಹೆಚ್ಚಿನ ಅಭ್ಯರ್ಥಿಗಳು ಎಡವುವುದರಿಂದ, ಸಿದ್ಧತೆಯ ದೊಡ್ಡ ಪಾಲು ಅದಕ್ಕೇ ಮೀಸಲಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ವೃತ್ತಿಯ ಮುಖ್ಯ ಹೆದ್ದಾರಿ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯುಳ್ಳ ಎರಡು ವರ್ಷಗಳ ಡಿಪ್ಲೊಮಾ. ಪಿಯುಸಿ ಮುಗಿಸಿದವರು ಇದಕ್ಕೆ ಸೇರಬಹುದು.

ಮೊದಲು ವ್ಯಾಕರಣವನ್ನು ಗಟ್ಟಿ ಮಾಡಿಕೊಳ್ಳಿ. ಭಾರತೀಯ ಸಂಜ್ಞಾ ಭಾಷೆಯಲ್ಲಿ ಪ್ರಶ್ನೆಯ ಸಂಜ್ಞೆಯೂ ನಿಷೇಧದ ಸಂಜ್ಞೆಯೂ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತವೆ. ‘ನಿನ್ನ ಹೆಸರು ಏನು’, ‘ಊಟ ಆಗಿಲ್ಲ’ ಎಂದು ಸಹಜವಾಗಿ ಹೇಳುವ ಕನ್ನಡಿಗರಿಗೆ ಈ ಕ್ರಮ ಅಪರಿಚಿತವೇನಲ್ಲ. ‘ಎಲ್ಲಿ’ ಎನ್ನಲು ಸ್ಥಳದ ಸಂಜ್ಞೆಗೂ ‘ಯಾರು’ ಎನ್ನಲು ಮುಖದ ಸಂಜ್ಞೆಗೂ ಒಂದೇ ಪ್ರಶ್ನಾಸಂಜ್ಞೆಯನ್ನು ಸೇರಿಸುವ ಪದ್ಧತಿ ಇದೆ. ಹೌದೋ ಅಲ್ಲವೋ ಎಂದು ಕೇಳುವಾಗ ಮಾತ್ರ ಕಣ್ಣರಳಿಸಿ ತಲೆಯನ್ನು ಮುಂದಕ್ಕೆ ಬಾಗಿಸಿದರೇ ಅದು ಪ್ರಶ್ನೆ, ಇಲ್ಲವಾದರೆ ಬರಿಯ ಹೇಳಿಕೆ. ಆದ್ದರಿಂದ ನಿಮ್ಮ ಅಭ್ಯಾಸವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು, ಕೈಗಳನ್ನು ಬಿಟ್ಟು ಮುಖವನ್ನಷ್ಟೇ ಒಮ್ಮೆ ನೋಡಿ.

ಪದಸಂಪತ್ತಿಗೆ ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರದ ವಿಡಿಯೊ ನಿಘಂಟು ನೆರವಾಗುತ್ತದೆ. 2021ರಲ್ಲಿ ಬಂದ ಅದರ ಮೂರನೆಯ ಆವೃತ್ತಿಯಲ್ಲಿ 10,000 ಪದಗಳಿವೆ. ಆದರೆ ಒಂದೇ ವಸ್ತುವಿಗೆ ಊರಿನಿಂದ ಊರಿಗೆ ಬೇರೆ ಸಂಜ್ಞೆಗಳಿರುತ್ತವೆ, ವಯಸ್ಸಾದವರ ಕೈಬಳಕೆ ಕಾಲೇಜು ಹುಡುಗರದರಂತೆ ಇರುವುದಿಲ್ಲ, ಹೀಗಾಗಿ ನಿಘಂಟಿನ ಮುಂದೆ ಕಳೆದಷ್ಟೇ ಹೊತ್ತನ್ನು ಕಿವುಡರ ಸಂಘದಲ್ಲಿ, ಅವರ ಹರಟೆಯ ನಡುವೆ ಕಳೆಯಬೇಕು.

ಇನ್ನು ದನಿ ಕೊಡುವ ಅಭ್ಯಾಸ. ನೀವು ಹಿಂದೆ ನೋಡಿರದ, ಎರಡು ಮೂರು ನಿಮಿಷಗಳ ಸಂಜ್ಞಾ ವಿಡಿಯೊವನ್ನು ಆರಿಸಿಕೊಳ್ಳಿ. ಸಂಜ್ಞೆ ಕಂಡ ಕೂಡಲೇ ಒಂದೊಂದೇ ಪದ ಉದುರಿಸದೆ, ಅರ್ಥ ಒಂದು ತುಂಡಾಗಿ ಕೂಡುವವರೆಗೆ ತುಸು ತಾಳಿ, ಪೂರ್ಣ ಕನ್ನಡ ವಾಕ್ಯವನ್ನೇ ಹೇಳಿ ಧ್ವನಿಮುದ್ರಿಸಿಕೊಳ್ಳಿ. ಆ ಮುದ್ರಣವನ್ನು ವಿಡಿಯೊ ನೋಡದ ಒಬ್ಬರಿಗೆ ಕೇಳಿಸಿ, ಅವರು ಗ್ರಹಿಸಿದ್ದನ್ನು ಬರೆದುಕೊಡಲು ಹೇಳಿ, ಆ ಬರಹವನ್ನು ಕಿವುಡ ಗೆಳೆಯರೊಬ್ಬರ ಮುಂದಿಟ್ಟು ಮೂಲದೊಂದಿಗೆ ಹೋಲಿಸಿ ನೋಡಲು ಕೋರಿ. ಎಲ್ಲಿ ಅರ್ಥ ಸೋರಿತೆಂಬುದು ಆಗ ಸ್ಪಷ್ಟವಾಗಿ ತಿಳಿಯುತ್ತದೆ.

ವೃತ್ತಿನೀತಿಯನ್ನು ಬಾಯಿಪಾಠ ಮಾಡಿದರೆ ಸಾಲದು. ಕಿವುಡ ರೋಗಿ ‘ನನಗೆ ಎದೆನೋವು’ ಎಂದರೆ ದುಭಾಷಿಯೂ ‘ನನಗೆ ಎದೆನೋವು’ ಎಂದೇ ಹೇಳಬೇಕು. ‘ಅವರಿಗೆ ನೋವಂತೆ’ ಎಂದರೆ ಮಾತು ರೋಗಿಯ ಕೈತಪ್ಪಿತು. ಕೇಳಿದ್ದು ಆ ಕೋಣೆಯಿಂದಾಚೆ ಹೋಗಬಾರದು.

ಪರೀಕ್ಷೆಯ ದಿನ ಉಂಗುರ, ಬಳೆಗಳನ್ನು ತೆಗೆದಿಟ್ಟು, ಕೈಗಳು ಎದ್ದು ಕಾಣುವಂತೆ ಮೈಬಣ್ಣಕ್ಕಿಂತ ಭಿನ್ನವಾದ ಒಂದೇ ಬಣ್ಣದ ಉಡುಪು ಧರಿಸಿ. ಎದುರಿಗಿರುವವರ ಸಂಜ್ಞೆ ಅರ್ಥವಾಗದಿದ್ದರೆ, ಮತ್ತೊಮ್ಮೆ ಹೇಳಲು ಅವಕಾಶವಿರುವಲ್ಲಿ, ಊಹಿಸದೆ ಕೇಳಿಬಿಡಿ.