ಪೇಪರ್ ಹರಿಯೋಕೆ ಇಷ್ಟು ಅವಸರ ಯಾಕೆ?

ಬಟ್ಟೆ ಚೂರುಗಳನ್ನು ಪೇಪರ್ ಮೇಲೆ ಜೋಡಿಸಿ ಹೊಲಿಯುವ ಹುಚ್ಚು ಈಗ ಎಲ್ಲರಿಗೂ ಹಿಡಿದಿದೆ. ಒಳ್ಳೆಯದೇ. ಟೈಲರ್ ಅಂಗಡಿಯ ಚಿಂದಿ ಕಸದ ಗಾಡಿಗೆ ಹೋಗುವ ಬದಲು ಹೊದಿಕೆ ಆಗುತ್ತದೆ ಅಂದರೆ ನನಗಿಂತ ಜಾಸ್ತಿ ಖುಷಿ ಪಡುವವರು ಯಾರಿದ್ದಾರೆ? ಆದರೆ ಇವರು ಮಾಡುವ ರೀತಿ ನೋಡಿದರೆ ಕೈ ಹಿಡಿದು ನಿಲ್ಲಿಸಬೇಕು ಅನಿಸುತ್ತದೆ. ಒಂದು ಚೌಕ ಹೊಲಿದು ಮುಗಿಯಿತೋ ಇಲ್ಲವೋ, ಹಿಂದಿನ ಪೇಪರನ್ನು ಪರಪರ ಹರಿದು ಬಿಸಾಡುತ್ತಾರೆ. ನನ್ನ ಸೊಸೆಯೂ ಹಾಗೆ, ತಂಗಿಯ ಮಗಳೂ ಹಾಗೆ. ಆಮೇಲೆ ಎರಡು ಚೌಕ ಜೋಡಿಸಲು ಕೂತರೆ ಒಂದು ಉದ್ದ, ಒಂದು ಗಿಡ್ಡ. "ಅತ್ತಿ, ಎರಡೂ ಒಂದ ಅಳತಿಗೆ ಕತ್ತರಿಸಿದ್ದೆ, ಹೆಂಗ ಹೆಚ್ಚುಕಡಿಮಿ ಆತು?" ಅಂತ ಸೊಸೆ ನನ್ನನ್ನೇ ಕೇಳುತ್ತಾಳೆ. ಆಗದೆ ಇನ್ನೇನಾಗುತ್ತದೆ! ಪೇಪರ್ ಮುಟ್ಟಬೇಡ ಅಂತ ಹೇಳುವಾಗ ಫೋನ್ ನೋಡುತ್ತಾ ಕೂತಿದ್ದಳು.

ಬ್ಲೌಸ್ ಹೊಲಿಯುವವರಿಗೆಲ್ಲ ಗೊತ್ತಿರುವ ವಿಷಯವೇ ಇದು. ಕೊರಳಿನ ಪಟ್ಟಿಯನ್ನು ಕ್ರಾಸ್ ಆಗಿ, ಅಂದರೆ ಬಟ್ಟೆಯ ನೂಲಿಗೆ ಓರೆಯಾಗಿ, ಯಾಕೆ ಕತ್ತರಿಸುತ್ತೇವೆ? ಕ್ರಾಸ್ ಬಟ್ಟೆ ಎಳೆದರೆ ಹಿಗ್ಗುತ್ತದೆ, ಕೊರಳಿನ ಸುತ್ತ ಸರಿಯಾಗಿ ಕೂರುತ್ತದೆ. ಕೊರಳಿಗೆ ಆ ಗುಣ ಬೇಕು. ಈ ಚೌಕದಲ್ಲಿ ಅದೇ ಗುಣ ನಮ್ಮ ಶತ್ರು. ಬಟ್ಟೆಯ ಪಟ್ಟಿಗಳು ಪೇಪರಿನ ಮೇಲೆ ಮೂಲೆಯಿಂದ ಮೂಲೆಗೆ ಓರೆಯಾಗಿ ಕೂರುವುದರಿಂದ ಚೌಕದ ನಾಲ್ಕೂ ಅಂಚುಗಳು ಕ್ರಾಸ್ ಆಗುತ್ತವೆ. ಹಿಡಿದರೆ ಹಿಗ್ಗುತ್ತವೆ, ಇಸ್ತ್ರಿ ಮಾಡಿದರೆ ಇನ್ನೂ ಹಿಗ್ಗುತ್ತವೆ. ಅವನ್ನು ಅಳತೆಯಲ್ಲಿ ಹಿಡಿದಿಡುವುದು ಹಿಂದಿರುವ ಪೇಪರ್ ಒಂದೇ. ಅದನ್ನು ಕಿತ್ತರೆ ಅಂಚೆಲ್ಲ ಹಪ್ಪಳದ ಹಾಗೆ ಅಲೆ ಅಲೆಯಾಗುತ್ತದೆ.

ನಮ್ಮ ಕಡೆ ಕೌದಿಗೆ ಪೇಪರ್ ಇರಲಿಲ್ಲ. ಧಾರವಾಡದಲ್ಲಿ ನಾನು ಚಿಕ್ಕವಳಿದ್ದಾಗ ಬೇಸಿಗೆಯಲ್ಲಿ ಕೌದಿ ಹೊಲಿಯುವ ಹೆಂಗಸರು ಮನೆ ಮನೆಗೆ ಬರುತ್ತಿದ್ದರು. ಹಳೆ ಸೀರೆ, ಧೋತರ ತಂದು ಕೊಟ್ಟರೆ ಪಡಸಾಲೆಯಲ್ಲಿ ಹಾಸಿಕೊಂಡು, ಮೇಲೆ ತುಂಡುಗಳನ್ನಿಟ್ಟು, ಉದ್ದನೆಯ ಸೂಜಿಯಿಂದ ಕೈಯಲ್ಲೇ ಸಾಲು ಸಾಲು ಹೊಲಿಯುತ್ತಿದ್ದರು. ನಮ್ಮವ್ವ ಅವರಿಗೆ ಕಾಳು, ರೊಟ್ಟಿ, ಮೇಲೊಂದಿಷ್ಟು ದುಡ್ಡು ಕೊಡುತ್ತಿದ್ದಳು. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಹೊಲಿಯುವುದನ್ನು ನೋಡಿದ್ದೀರಾ? ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಬಟ್ಟೆ ಮಡಚಿ ಹೂವು ಕೂರಿಸುತ್ತಾರೆ. ಅಲ್ಲೆಲ್ಲ ತುಂಡುಗಳನ್ನು ಹಿಡಿದಿಡುವುದು ಅಡಿಯ ಬಟ್ಟೆ. ಅದು ಒಳಗೇ ಉಳಿಯುತ್ತದೆ, ಅದಕ್ಕೇ ಕೌದಿ ಅಷ್ಟು ಭಾರ.

ಪೇಪರ್ ಪದ್ಧತಿ ನಾನು ಕಲಿತದ್ದು ಅಮೆರಿಕದಲ್ಲಿ, ಮಗಳ ಬಾಣಂತನಕ್ಕೆ ಹೋದಾಗ. ಪಕ್ಕದ ಮನೆಯ ಅಜ್ಜಿ ತನ್ನ ತಾಯಿ ಅರ್ಧಕ್ಕೆ ಬಿಟ್ಟ ಚೌಕಗಳನ್ನು ಡಬ್ಬಿಯಿಂದ ತೆಗೆದು ತೋರಿಸಿದಳು. 1930ರ ದಶಕದಲ್ಲಿ ಅಲ್ಲಿ ಕಡು ಬಡತನ ಬಂದಿತ್ತಲ್ಲ, ಆಗ ಹೆಂಗಸರು ಹಳೆ ನ್ಯೂಸ್‌ಪೇಪರ್, ಅಂಗಡಿಯವರು ಕಳಿಸುವ ಕ್ಯಾಟಲಾಗ್ ಹಾಳೆ, ಕಡೆಗೆ ಬಂದ ಕಾಗದ ಪತ್ರದ ಮೇಲೂ ಹೊಲಿಯುತ್ತಿದ್ದರಂತೆ. ಇವಳ ಚೌಕ ತಿರುಗಿಸಿದರೆ ಹಿಂದೆ ಹಳದಿ ತಿರುಗಿದ ಕ್ಯಾಟಲಾಗ್ ಹಾಳೆ, ಅದರಲ್ಲಿ ಹೆಂಗಸರ ಬೂಟಿನ ಚಿತ್ರ, ಬೆಲೆ ಇನ್ನೂ ಓದಲು ಬರುತ್ತಿತ್ತು. ಅಷ್ಟು ವರ್ಷ ಡಬ್ಬಿಯಲ್ಲಿದ್ದರೂ ಚೌಕ ಒಂದು ನೂಲು ಅತ್ತಿತ್ತ ಆಗಿರಲಿಲ್ಲ. ಪೇಪರ್ ಇತ್ತಲ್ಲ, ಅದಕ್ಕೆ.

ಹಾಗಂತ ನೀವು ನ್ಯೂಸ್‌ಪೇಪರ್ ತರಬೇಡಿ. ಅದರ ಮಸಿ ತಿಳಿ ಬಣ್ಣದ ಬಟ್ಟೆಗೆ ಹತ್ತುತ್ತದೆ. ಝೆರಾಕ್ಸ್ ಮಾಡಿದ ಹಾಳೆಯೂ ಬೇಡ, ಆ ಕಪ್ಪು ಪುಡಿ ಬಿಸಿ ಇಸ್ತ್ರಿಗೆ ಕರಗಿ ಅಂಟುತ್ತದೆ. ಮಕ್ಕಳ ನೋಟ್‌ಬುಕ್ಕಿನ ಹಿಂದೆ ಉಳಿಯುವ ಖಾಲಿ ಹಾಳೆ ಆಗಬಹುದು, ತೆಳ್ಳಗಿದ್ದಷ್ಟೂ ಒಳ್ಳೆಯದು. ಏನೂ ಸಿಗದಿದ್ದರೆ ಪ್ರಿಂಟರ್‌ಗೆ ಹಾಕುವ ಎ4 ಹಾಳೆಯಲ್ಲೇ ಅತಿ ಅಗ್ಗದ್ದು ತನ್ನಿ. ಅದರ ಒಂದು ಮೂಲೆಯನ್ನು ಎದುರಿನ ಉದ್ದನೆಯ ಅಂಚಿಗೆ ತಂದು ಮಡಚಿ, ಉಳಿದದ್ದು ಕತ್ತರಿಸಿದರೆ 21 ಸೆಂಟಿಮೀಟರಿನ ಚೌಕ. ಸ್ಕೇಲೂ ಬೇಡ, ಪೆನ್ಸಿಲ್ಲೂ ಬೇಡ. ನಡುವೆ ಓರೆ ಗೆರೆಯೂ ಬಿದ್ದಿರುತ್ತದೆ, ಮೊದಲ ಪಟ್ಟಿ ಇಡಬೇಕಾದ ಜಾಗವೇ ಅದು. ಕತ್ತರಿಸಿ ಉಳಿದ ತುಂಡು ಕಿರಾಣಿ ಚೀಟಿ ಬರೆಯಲು ಇಟ್ಟುಕೊಳ್ಳಿ.

ಬಟ್ಟೆ ಕಾಟನ್ ಇರಲಿ. ಬ್ಲೌಸ್ ಪೀಸಿನ ಚೂರು, ಲೈನಿಂಗ್, ಹಳೆ ಅಂಗಿ, ಸೀರೆಯ ಗಟ್ಟಿ ಇರುವ ಭಾಗ. ಜಾರ್ಜೆಟ್ ಬೇಡ, ಜಾರುತ್ತದೆ. ಖಣದ ಚೂರಿದ್ದರೆ ಮೊದಲು ಒಗೆದು ಬಣ್ಣ ಬಿಡುತ್ತದಾ ಅಂತ ನೋಡಿ, ಎಲ್ಲ ಚೂರುಗಳಿಗೂ ಇದೇ ಮಾತು. ಪಟ್ಟಿ ಒಂದು ಬೆರಳಿನಿಂದ ಮೂರು ಬೆರಳು ಅಗಲ, ಒಂದು ತುದಿ ಸಣ್ಣ ಒಂದು ತುದಿ ದಪ್ಪ ಇದ್ದರೂ ನಡೆಯುತ್ತದೆ. ಎಲ್ಲವನ್ನೂ ಸ್ಕೇಲ್ ಹಿಡಿದು ಒಂದೇ ಅಗಲಕ್ಕೆ ಕತ್ತರಿಸುವವರನ್ನು ಕಂಡರೆ ನನಗೆ ನಗು ಬರುತ್ತದೆ. ಅಷ್ಟು ಸಮ ಬೇಕಿದ್ದರೆ ಪಟ್ಟೆ ಪಟ್ಟೆ ಬೆಡ್‌ಶೀಟ್ ಅಂಗಡಿಯಲ್ಲೇ ಸಿಗುತ್ತದಲ್ಲ.

ಚೂರು ತೀರಾ ಮೆತ್ತಗಿದ್ದರೆ ತೆಳುವಾಗಿ ಗಂಜಿ ಹಾಕಿ ಒಣಗಿಸಿ. ಗಂಜಿ ಅಂದರೆ ಈಗಿನವರು ಬಾಟಲಿ ಹುಡುಕುತ್ತಾರೆ. ಕುಕ್ಕರ್ ಬಂದ ಮೇಲೆ ಅನ್ನ ಬಸಿಯುವವರೇ ಇಲ್ಲ. ಒಂದು ದಿನ ಪಾತ್ರೆಯಲ್ಲಿ ಅನ್ನ ಮಾಡಿ ನೋಡಿ, ಏನೂ ಆಗುವುದಿಲ್ಲ. ಗಂಜಿ ವಿಷಯ ಬಂದದ್ದಕ್ಕೆ ಹೇಳಿಬಿಡುತ್ತೇನೆ, ಗಂಜಿ ಹಾಕಿದ ಕಾಟನ್ ಸೀರೆಯನ್ನು ಹಾಗೇ ಮಡಚಿ ಮಳೆಗಾಲದಲ್ಲಿ ಬೀರುವಿನೊಳಗೆ ಇಡಬೇಡಿ. ಗಂಜಿಯ ಆಸೆಗೆ ಹುಳ ಬರುತ್ತದೆ, ಥಂಡಿಗೆ ಬೂಷ್ಟು ಹಿಡಿಯುತ್ತದೆ. ಒಗೆದು ಗಂಜಿ ಬಿಡಿಸಿ ಇಡಿ, ಉಡುವ ಹಿಂದಿನ ದಿನ ಹಾಕಿದರೆ ಸಾಕು.

ಹೊಲಿಯುವುದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಮೊದಲ ಪಟ್ಟಿಯನ್ನು ಓರೆ ಗೆರೆಯ ಮೇಲೆ, ಬಣ್ಣದ ಮುಖ ಮೇಲಾಗಿ ಇಡಿ. ಎರಡನೆಯದನ್ನು ಅದರ ಮೇಲೆ ಮುಖ ಕೆಳಗಾಗಿಟ್ಟು, ಒಂದು ಬದಿಯ ಅಂಚು ಕೂಡಿಸಿ, ಕಾಲಿಂಚು ಬಿಟ್ಟು ಪೇಪರ್ ಸಮೇತ ಹೊಲಿಯಿರಿ, ತಿರುವಿ ಹಾಕಿ, ಲೋಟದ ಅಂಚಿನಿಂದ ಗೀರಿ ಕೂರಿಸಿ, ಮುಂದಿನದು. ಮೂಲೆ ತಲುಪುವವರೆಗೆ ಇಷ್ಟೇ, ಆಮೇಲೆ ಗೆರೆಯ ಆಚೆ ಕಡೆಯ ಅರ್ಧವೂ ಹೀಗೇ. ಪಟ್ಟಿಯ ತುದಿಗಳು ಪೇಪರಿನಿಂದ ಹೆಬ್ಬೆರಳಗಲ ಹೊರಗೆ ಬರಲಿ. ಮೂಲೆಯ ಕೊನೆ ಪಟ್ಟಿ ಮಾತ್ರ ಧಾರಾಳ ಅಗಲ ಇರಬೇಕು, ಸಣ್ಣದಿದ್ದರೆ ಜೋಡಿಸುವ ಹೊಲಿಗೆಯೊಳಗೆ ಮಾಯವಾಗಿಬಿಡುತ್ತದೆ. ಇಸ್ತ್ರಿ ಮಾಡುವುದಾದರೆ ನೀರು ಚಿಮುಕಿಸಬೇಡಿ, ಪೇಪರ್ ಸುರುಟುತ್ತದೆ. ಕೊನೆಗೆ ಚೌಕವನ್ನು ಬೋರಲು ಹಾಕಿ, ಪೇಪರಿನ ಅಂಚೇ ಗೆರೆ ಅಂದುಕೊಂಡು ಹೊರಗಿನದನ್ನೆಲ್ಲ ಕತ್ತರಿಸಿ.

ಇನ್ನು ನಾನು ಹಠ ಹಿಡಿಯುವ ವಿಷಯ. ಪೇಪರ್ ಹರಿಯುವುದು ಹೊಲಿಯುವಾಗಲೇ ಶುರುವಾಗುತ್ತದೆ. ಮಷಿನ್‌ಗೆ ಮಾಮೂಲಿ 14ನೇ ನಂಬರ್ ಸೂಜಿ ಬಿಟ್ಟು 16 ಹಾಕಿ. ಹೊಲಿಗೆಯ ಉದ್ದ ಎರಡೂವರೆ ಮಿಲಿಮೀಟರಿನಲ್ಲಿದ್ದರೆ ಒಂದೂವರೆಗೆ ಇಳಿಸಿ. ತೂತು ದೊಡ್ಡದು, ಹತ್ತಿರ ಹತ್ತಿರ. ಅಂಚೆ ಚೀಟಿ ಹರಿದಷ್ಟು ಸಲೀಸಾಗಿ ಬರಬೇಕು ಅಂದರೆ ಇದೇ ದಾರಿ. ಹಾಗಂತ ಇನ್ನೂ ಸಣ್ಣದು ಮಾಡಬೇಡಿ, ಪೇಪರ್ ಮಷಿನ್ ಮೇಲೇ ಕಳಚಿ ಬೀಳುತ್ತದೆ, ತಪ್ಪಿದರೆ ಬಿಚ್ಚುವುದಕ್ಕೂ ಬರುವುದಿಲ್ಲ. ಪೇಪರ್ ಹೊಲಿದು ಮೊಂಡಾದ ಸೂಜಿಯನ್ನು ಮತ್ತೆ ಬಟ್ಟೆಗೆ ಹಾಕಬೇಡಿ, ರೇಷ್ಮೆ ಬ್ಲೌಸಿಗಂತೂ ಬೇಡವೇ ಬೇಡ. ಬೇರೆ ಡಬ್ಬಿಯಲ್ಲಿಡಿ.

ಚೌಕಗಳನ್ನು ಪೇಪರ್ ಸಮೇತ ಜೋಡಿಸಿ. ಅಂಚಿನಿಂದ ಅಂಚಿಗೆ ಪೇಪರ್ ಕೂಡಿಸಿದರೆ ಬಟ್ಟೆ ತಾನಾಗಿ ಕೂಡುತ್ತದೆ. ಒಂದು ಚೌಕಕ್ಕೆ ನಾಲ್ಕೂ ಬದಿಯಲ್ಲಿ ಜೊತೆ ಸಿಕ್ಕ ಮೇಲೆಯೇ ಅದರ ಪೇಪರ್ ತೆಗೆಯಬೇಕು. ಹೊರಗಿನ ಸಾಲಿನದ್ದು ಸುತ್ತಲಿನ ಪಟ್ಟಿ ಹಚ್ಚುವವರೆಗೂ ಇರಲಿ. ಭಾರ ಆಗುತ್ತದೆ, ಸದ್ದು ಮಾಡುತ್ತದೆ, ಮಷಿನ್ ಅಡಿ ತೂರಿಸಲು ಕಷ್ಟ. ಗೊತ್ತು. ಆದರೂ ಇರಲಿ.

ತೆಗೆಯುವ ದಿನ ಊಟ ಆದ ಮೇಲೆ, ಬೇರೆ ಕೆಲಸ ಇಲ್ಲದಾಗ ಕೂರಿ. ಹಳೆ ಧೋತರದ ತುಂಡು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ಪೇಪರಿನ ಮೇಲೆ ಹೊಲಿಗೆಯ ಗುಂಟ ಒಮ್ಮೆ ಒತ್ತಿ. ಒರೆಸಬೇಡಿ, ಒತ್ತಿ. ನೀರು ಬಟ್ಟೆವರೆಗೆ ಇಳಿಯಬಾರದು, ಪೇಪರಿಗೆ ಸ್ವಲ್ಪ ಮೆತ್ತಗಾಗುವಷ್ಟು ಹಸಿ ಸಾಕು. ನಾಲ್ಕೈದು ಚೌಕಕ್ಕೆ ಒತ್ತುವಷ್ಟರಲ್ಲಿ ಮೊದಲನೆಯದು ಹದಕ್ಕೆ ಬಂದಿರುತ್ತದೆ. ಈಗ ಹೊಲಿದ ಕ್ರಮದ ಉಲ್ಟಾ ಹೋಗಿ. ಕೊನೆಗೆ ಹೊಲಿದದ್ದು ಮೂಲೆಯದಲ್ವಾ, ಅದು ಮೊದಲು. ಪೇಪರನ್ನು ಹೊಲಿಗೆಯ ಮೇಲೆ ಹಿಂದಕ್ಕೆ ಮಡಚಿ ಉಗುರಿನಿಂದ ಗೀರಿ, ಮತ್ತೆ ಮುಂದಕ್ಕೆ ಮಡಚಿ ಗೀರಿ. ಎಡಗೈಯ ಹೆಬ್ಬೆರಳು, ತೋರುಬೆರಳಿನಿಂದ ಹೊಲಿಗೆಯನ್ನೇ ಬಿಗಿಯಾಗಿ ಹಿಡಿದುಕೊಂಡು ಬಲಗೈಯಿಂದ ಪೇಪರನ್ನು ಪಕ್ಕಕ್ಕೆ ಎಳೆಯಿರಿ. ಮೇಲಕ್ಕಲ್ಲ, ಪಕ್ಕಕ್ಕೆ. ಮೇಲಕ್ಕೆ ಎಳೆದರೆ ದಾರ ಸಡಿಲವಾಗಿ ಮುಂದಿನ ಮುಖದಲ್ಲಿ ಹೊಲಿಗೆ ಹಲ್ಲು ಕಿರಿಯುತ್ತದೆ. ಬೆರಳು ಸರಿಸುತ್ತಾ, ಎಳೆಯುತ್ತಾ, ಬೆರಳು ಸರಿಸುತ್ತಾ, ಎಳೆಯುತ್ತಾ ಹೋದರೆ ಮೂರು ಬೆರಳಗಲದ ಪೇಪರ್ ಒಂದೇ ಉದ್ದನೆಯ ರಿಬ್ಬನ್ ಆಗಿ ಕೈಗೆ ಬರುತ್ತದೆ. ಹಾಗೆ ಬಂದರೆ ಸರಿಯಾಗಿ ಮಾಡಿದ್ದೀರಿ. ಚೂರು ಚೂರಾಗಿ ಬಂದರೆ ಒಂದೋ ಹಸಿ ಜಾಸ್ತಿ ಆಗಿದೆ, ಇಲ್ಲ ನಿಮಗೆ ಅವಸರ ಜಾಸ್ತಿ ಆಗಿದೆ.

ಹೊಲಿಗೆಯ ಸಂದಿಯಲ್ಲಿ ಸಿಕ್ಕಿಕೊಂಡ ಸಣ್ಣ ಚೂರಿಗೆ ಕತ್ತರಿಯ ತುದಿ ಹಾಕಬೇಡಿ. ಹುಬ್ಬು ಕೀಳುವ ಚಿಮುಟ ಮನೆಯಲ್ಲಿ ಇದ್ದೇ ಇರುತ್ತದೆ. ನನ್ನ ತಂಗಿಯ ಮಗಳು ಕತ್ತರಿ ಹಾಕಿ, ಪೇಪರಿನ ಜೊತೆ ಹೊಲಿಗೆಯನ್ನೂ ಕತ್ತರಿಸಿ, "ದೊಡ್ಡವ್ವಾ, ಇದನ್ನಷ್ಟು ಸರಿ ಮಾಡಿಕೊಡು" ಅಂತ ಬಂದಳು. ಮಾಡಿಕೊಟ್ಟೆ. ಬೈದುಕೊಂಡೇ ಮಾಡಿಕೊಟ್ಟೆ.

ಎಷ್ಟು ಚೌಕ ಬೇಕು ಅಂತ ಕೇಳುತ್ತೀರಿ. 21 ಸೆಂಟಿಮೀಟರಿನ ಪೇಪರ್ ಆದರೆ, ಒಬ್ಬರು ಮಲಗುವ ಮಂಚಕ್ಕೆ ಅಡ್ಡ 8, ಉದ್ದ 12, ಒಟ್ಟು 96. ಮೊದಲ ಸಲವೇ ಅದಕ್ಕೆ ಕೈ ಹಾಕಬೇಡಿ, ಅರ್ಧಕ್ಕೆ ಬಿಟ್ಟು ಅಟ್ಟಕ್ಕೆ ಹಾಕುತ್ತೀರಿ. ತೊಟ್ಟಿಲ ಕೂಸಿಗೆ ಹೊದಿಸಲು 4ಕ್ಕೆ 5, ಅಂದರೆ 20 ಸಾಕು. ಎಲ್ಲ ಚೌಕದ ನಡುವಿನ ಪಟ್ಟಿ ಒಂದೇ ಬಣ್ಣ ಇದ್ದರೆ, ನಾಲ್ಕು ನಾಲ್ಕನ್ನು ಆ ಪಟ್ಟಿಗಳು ತುದಿಗೆ ತುದಿ ಕೂಡುವಂತೆ ತಿರುಗಿಸಿ ಜೋಡಿಸಿದಾಗ ವಜ್ರದ ಆಕಾರ ಮೂಡುತ್ತದೆ. ನನಗೆ ಕೆಂಪು ಇಷ್ಟ.

ಹಿಂಬದಿಗೆ ಹಳೆ ಮೆತ್ತನೆ ಕಾಟನ್ ಸೀರೆ ಕೊಡಿ, ಕೌದಿಯ ಹಾಗೆ ಕೈಯಲ್ಲೇ ಸಾಲು ಹೊಲಿಗೆ ಹಾಕಿ. ಹಿಂಬದಿ ಹಚ್ಚುವ ಮೊದಲು ಮನೆಯ ಹೊರಗೆ ನಿಂತು ಒಮ್ಮೆ ಜೋರಾಗಿ ಕೊಡವಿ. ಪೇಪರ್ ಒಳಗೇ ಉಳಿದರೆ ಮೊದಲ ಒಗೆತಕ್ಕೆ ಮುದ್ದೆ ಕಟ್ಟಿ ಅಲ್ಲೊಂದು ಇಲ್ಲೊಂದು ಗಂಟು ಕೂರುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ಮೊದಲ ಸಲ ಬಕೆಟ್ಟಿನಲ್ಲಿ ತಣ್ಣೀರಿಗೆ ಹಾಕಿ ಕೈಯಲ್ಲೇ ಒಗೆಯಿರಿ, ಬೇರೆ ಬಟ್ಟೆ ಜೊತೆ ಸೇರಿಸಬೇಡಿ. ವಾಷಿಂಗ್ ಮಷಿನ್‌ಗೆ ಹಾಕಿ, ಮಗನ ಕಪ್ಪು ಪ್ಯಾಂಟಿಗೆಲ್ಲ ಬಿಳಿ ಪೇಪರ್ ಹತ್ತಿದೆ ಅಂತ ಆಮೇಲೆ ನನಗೆ ಹೇಳಬೇಡಿ.