ಹೆವಿ ಡ್ಯೂಟಿ ಪಿಕಪ್‌ಗೆ ಹೊಸ ಟೈರ್: ಎಲ್ಲರೂ ಬೇಡ ಅಂದಿದ್ದೇ ಬಾಳಿಕೆ ಬಂತು

ಲೋಡ್ ರೇಂಜ್ ಇ (ಟೈರ್ ಎಷ್ಟು ಭಾರ ಹೊರುತ್ತೆ ಅನ್ನೋ ದರ್ಜೆ, ಸಿ-ಗಿಂತ ಇ ಗಟ್ಟಿ) ಹೈವೇ ಟೈರ್ ಹಾಕಿಸ್ತೀನಿ ಅಂದಾಗ ಎಲ್ರೂ ನಕ್ಕಿದ್ರು, ಇಷ್ಟು ದೊಡ್ಡ ಗಾಡಿಗೆ ಇಂಥ ಸಪ್ಪೆ ಟೈರಾ ಅಂತ. ಈಗ 50,000 ಕಿಲೋಮೀಟರ್ ಹತ್ರ ಓಡಿದೆ, ಟ್ರೆಡ್ ಇನ್ನೂ ಅರ್ಧ ಇದೆ, ನಕ್ಕೋರಲ್ಲೇ ಕೆಲವರು ಬಂದು ಸೈಜ್ ಬರ್ಕೊಂಡು ಹೋದ್ರು.

ಮುಂಚೆ ಇದ್ದಿದ್ದು ಮಡ್ ಟೈರ್. ಗತ್ತು ಇತ್ತು ನಿಜ, ಆದ್ರೆ ಟ್ರೇಲರ್ ಎಳೆಯೋವಾಗ ಗಾಡಿ ಹಿಂದೆ ಬಾಲ ಆಡಿಸ್ತಿತ್ತು, ಡೀಸೆಲ್ ಸುಮಾರು ಹತ್ತರಲ್ಲೊಂದು ಪಾಲು ಜಾಸ್ತಿ ಕುಡೀತಿತ್ತು, ಕ್ಯಾಬಿನ್ನಲ್ಲಿ ಮಾತು ಕೇಳಿಸ್ತಿರ್ಲಿಲ್ಲ, ಜೊತೆಗೆ ಲಗ್‌ಗಳು (ಟ್ರೆಡ್ ಮೇಲಿನ ದಪ್ಪ ಉಬ್ಬುಗಳು) ಒಂದೊಂದು ಒಂದೊಂದು ಎತ್ತರಕ್ಕೆ ಸವೆದು ಸೆಟ್ ಬೇಗ ಕೈಕೊಡ್ತು. ಕೆಸರಿಗೆ ಇಳಿಸ್ತಿದ್ದಿದ್ದು ವರ್ಷಕ್ಕೆ ಎಲ್ಲೋ ಒಂದೆರಡು ಸಲ!

ಈ ಸಲ ಫುಲ್ ಲೋಡ್ ಹಾಕಿ, ಟ್ರೇಲರ್ ಸಿಕ್ಕಿಸಿ, ಹಿಂದಿನ ಆಕ್ಸಲ್ ಮಾತ್ರ ವೇಬ್ರಿಡ್ಜ್ ಮೇಲೆ ನಿಲ್ಲಿಸಿದೆ. 2,500 ಕೆಜಿ ಆಸುಪಾಸು ಬಂತು, ಒಂದು ಟೈರಿಗೆ 1,250, ಲೋಡ್ ಎರಡೂ ಕಡೆ ಸಮ ಕೂರಲ್ಲ ಅಂತ ಇನ್ನೊಂದು ನೂರು ಸೇರಿಸ್ಕೊಂಡೆ. ನನ್ನ ಸೈಜ್ ಎಲ್‌ಟಿ (ಲೈಟ್ ಟ್ರಕ್ ಟೈರ್) 265/70 ಆರ್17. ಇದೇ ಸೈಜಲ್ಲಿ ಸಿ ರೇಂಜ್ ತಗೊಂಡ್ರೆ ಲೋಡ್ ಇಂಡೆಕ್ಸ್ (ಒಂದು ಟೈರ್ ಹೊರೋ ಭಾರದ ಕೋಡ್) 112, ಹೊರೋದು 1,120 ಕೆಜಿ. ಇ ರೇಂಜಾದ್ರೆ 121, 1,450 ಕೆಜಿ, ಅದೂ 80 ಪಿಎಸ್‌ಐ ಹೊಡೆದ್ರೆ. ಇದೇ ಸೈಜಿನ ಕಾರ್ ಟೈರಲ್ಲಿ ಲೋಡ್ ಇಂಡೆಕ್ಸ್ 115 ಅಂತ ನೋಡಿ ಖುಷಿ ಪಡ್ಬೇಡಿ, ಅದರ 1,215 ಕೆಜಿನ ಪಿಕಪ್‌ಗೆ ಹಾಕೋವಾಗ 1.1ರಿಂದ ಭಾಗಿಸ್ಬೇಕು, 1,100ಕ್ಕೆ ಬಂದು ನಿಲ್ಲುತ್ತೆ.

ಅಂಗಡಿಯವ್ರು ಸಿ ರೇಂಜೇ ತಳ್ಳೋಕೆ ನೋಡಿದ್ರು, ರೇಟ್ ಕಾಲು ಭಾಗ ಕಮ್ಮಿ ಅಂತ. ಇ ರೇಂಜಲ್ಲಿ ಡಿಸ್ಕೌಂಟ್ ಅಂತ ತೋರಿಸಿದ್ದರ ಡಾಟ್ ಕೋಡ್ (ಟೈರ್ ಪಕ್ಕದಲ್ಲಿ ಅಚ್ಚಾಗಿರೋ ತಯಾರಿಕೆ ಕೋಡ್) ಕೊನೇಲಿ 2319 ಇತ್ತು, ಅಂದ್ರೆ 2019ರ 23ನೇ ವಾರದ ಹಳೇ ಮಾಲು. ಅಲ್ಲೇ ಬಿಟ್ಟು ಬಂದೆ.

ಮಧ್ಯ ಒಬ್ರ ಹತ್ರ ಇನ್ನೂ ದೊಡ್ಡ 285/70 ಸೆಟ್ ಇಸ್ಕೊಂಡು ಹಾಕಿ ನೋಡಿದ್ದೂ ಆಯ್ತು. ಫುಲ್ ಕಟ್ ಹೊಡೆದ್ರೆ ಒಳಗೆ ಉಜ್ಜುತ್ತೆ, ಮೀಟರ್ 100 ತೋರಿಸಿದ್ರೆ ಗಾಡಿ ಓಡ್ತಿರೋದು 103 ಮೇಲೆ. ವಾಪಸ್ ಕೊಟ್ಟೆ.

ಖಾಲಿ ಗಾಡಿಗೆ ಹಿಂದಿನ ಟೈರಲ್ಲಿ 80 ಪಿಎಸ್‌ಐ ಗಾಳಿ ಇಟ್ರೆ ಕುಕ್ಕುತ್ತೆ, ನಡು ಮಾತ್ರ ಸವೆಯುತ್ತೆ. ಟ್ರೆಡ್ ಮೇಲೆ ಅಡ್ಡಕ್ಕೆ ಚಾಕ್ ಎಳೆದು ನೇರ ರೋಡಲ್ಲಿ ಸ್ವಲ್ಪ ಓಡಿಸಿ, ನಡುವೆ ಮಾತ್ರ ಅಳಿಸಿದ್ರೆ ಗಾಳಿ ಜಾಸ್ತಿ. ನಾನಿಡೋ ನಂಬರ್ ಹೇಳಲ್ಲ, ಅದು ನಂಗೇ ಇರ್ಲಿ, ನಿಮ್ಮ ಗಾಡಿದು ನೀವೇ ಕಂಡ್ಕೊಳ್ಳಿ. ಲೋಡ್ ಹಾಕೋ ಮುಂಚೆ ಮಾತ್ರ ಮತ್ತೆ ತುಂಬಿಸ್ಲೇಬೇಕು, ಗಾಳಿ ಕಮ್ಮಿ ಆದ್ರೆ ಸೈಡ್‌ವಾಲ್ ಕಾದು ಸಿಡಿಯುತ್ತೆ.

ಸ್ಟೆಪ್ನಿಗೂ ಅದೇ ಇ ರೇಂಜ್ ತಗೊಂಡೆ. ಐದನೇ ಟೈರಿಗೆ ದುಡ್ಡು ಎಣಿಸೋವಾಗ ಹೊಟ್ಟೆ ಉರೀತು, ಆದ್ರೆ ಫುಲ್ ಲೋಡಲ್ಲಿ ಹಿಂದಿನ ಟೈರ್ ಪಂಕ್ಚರ್ ಆದಾಗ ಸಿ ರೇಂಜ್ ಸ್ಟೆಪ್ನಿ ಇಟ್ಕೊಂಡು ಏನ್ ಮಾಡೋದು?